ಹಳ್ಳದ ಪೆಟ್ಟಿಗೆ: ಗೀಟು ಬಾಗಿದ್ದು ಯಾಕೆ ಅಂತ ಕೊನೆಗೂ ಗೊತ್ತಾಯಿತು

ಹಳ್ಳದ ನೀರಿನ ಮಟ್ಟ ಅಳೆದು ಫೋನಿಗೆ ಕಳಿಸೋ ಪೆಟ್ಟಿಗೆಯೊಂದನ್ನು ಮಾಡಿದ್ದೇನೆ. ಅದರ ಗ್ರಾಫಿನ ಗೀಟು ದಿನಾ ಬಾಗುತ್ತಿತ್ತು. ಕಾರಣ ಸೆನ್ಸರ್ ಅಲ್ಲ, ಬಿಸಿಲಲ್ಲ, ಬ್ಯಾಟರಿ ಅಲ್ಲ, ಜೇಡರ ಬಲೆಯೂ ಅಲ್ಲ. ತ್ರೀಫೇಸ್ ಕರೆಂಟು! ನಗಬೇಡಿ, ಪೂರ್ತಿ ಓದಿ.

ಹೊಸಬರಿಗೆ ನಾಲ್ಕು ಸಾಲು. ಬಾದಾಮಿ ಕಡೆಯ ಮರಳುಗಲ್ಲಿನ ಗುಡ್ಡಗಳಿಂದ ಇಳಿದು ಮಲಪ್ರಭೆ ಸೇರುವ ಒಂದು ಹಳ್ಳ. ಅದರ ದಂಡೆಗೆ ಮೂರು ಊರು. ಮೇಲಿನೂರು, ನಮ್ಮೂರು, ಕೆಳಗಿನೂರು ಎಂದೇ ಕರೆಯುತ್ತೇನೆ. ನಿಜವಾದ ಹೆಸರು ಯಾಕೆ ಬೇಡ ಅನ್ನೋದು ಮುಂದೆ ತಿಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತಲ್ಲ, ಆವಾಗಿನಿಂದ ತಲೆಯಲ್ಲಿದ್ದ ಕೆಲಸ ಇದು. ಮಳೆ ಅಳೆಯೋಕೆ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ನದಿಯ ಮಟ್ಟವನ್ನು ಚೊಳಚಗುಡ್ಡದಲ್ಲಿ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಎರಡರ ನಡುವೆ ಇರುವ ನಮ್ಮ ಹಳ್ಳವನ್ನು ಕೇಳುವವರಿಲ್ಲ. ಗುಡ್ಡ ಬರೀ ಬಂಡೆ, ಬಿದ್ದ ಮಳೆ ಇಂಗುವುದಿಲ್ಲ, ಸೀದಾ ಹಳ್ಳಕ್ಕೆ. ಮೇಲಿನೂರಿನವರು ನೋಡಿ ಫೋನ್ ಮಾಡುವಷ್ಟರಲ್ಲಿ ಕೆಳಗಿನೂರಿನ ಕಣದಲ್ಲಿ ನೀರು.

ಪೆಟ್ಟಿಗೆಯ ಒಳಗಿನದು ನಿಮಗೆಲ್ಲ ಗೊತ್ತಿರೋದೇ. ಇಎಸ್‌ಪಿ32 (ಲೆಕ್ಕ ಮಾಡೋ ಚಿಪ್), ಜೆಎಸ್‌ಎನ್-ಎಸ್‌ಆರ್04ಟಿ (ಶಬ್ದ ಕಳಿಸಿ, ಅದು ವಾಪಸ್ ಬರೋ ಹೊತ್ತಿನಿಂದ ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್), ಲೋರಾ (ದೂರಕ್ಕೆ ಮಾಹಿತಿ ಕಳಿಸೋ ರೇಡಿಯೋ), ಸಣ್ಣ ಸೋಲಾರ್ ಪ್ಯಾನೆಲ್, ಒಂದು 18650 ಬ್ಯಾಟರಿ ಸೆಲ್. ಬೆಸುಗೆ, ಡೀಪ್ ಸ್ಲೀಪ್, ಕೋಡ್ ಎಲ್ಲ ಬಿಡುತ್ತೇನೆ. ಲೋರಾ ಬಗ್ಗೆ ಮಾತ್ರ ಒಂದು ಬೈಗುಳ ಬಾಕಿ ಇದೆ. ನಮ್ಮಲ್ಲಿ ಇದಕ್ಕೆ ಲೈಸನ್ಸ್ ಇಲ್ಲದೆ ಬಳಸೋ ರೇಡಿಯೋ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಆರ್ಡರ್ ಹಾಕುವಾಗ 868ರ ಮಾಡ್ಯೂಲೇ ಬೇಕು ಅಂತ ಬರೆದೆ, ಫೋನ್ ಮಾಡಿ ಮತ್ತೆ ಹೇಳಿದೆ. ಬಂದಿದ್ದು 433. ಕೇಳಿದರೆ, "ಸರ್, ಆಂಟೆನಾ ಒಂದು ಬದಲಿಸಿ, ನಡೆಯುತ್ತೆ" ಅಂದರು. ಹಾಗಾದರೆ ಟೈರ್ ಬದಲಿಸಿದರೆ ಎತ್ತಿನಗಾಡಿಯೂ ಟ್ರ್ಯಾಕ್ಟರ್ ಆಗಬೇಕಲ್ಲ. ವಾಪಸ್ ಕಳಿಸೋ ಖರ್ಚು ನಂದೇ. ಅದೇ ಪಾರ್ಸಲ್‌ನಲ್ಲಿ ಬಂದ "ವಾಟರ್‌ಪ್ರೂಫ್" ಡಬ್ಬಿಯ ಮುಚ್ಚಳಕ್ಕೆ ರಬ್ಬರೇ ಇರಲಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಸಿಗೋ ಓ-ರಿಂಗ್ ಕತ್ತರಿಸಿ ಅಂಟಿಸಿದೆ. ಅದು ಮಾತ್ರ ಇವತ್ತಿಗೂ ಗಟ್ಟಿ.

ಈಗ ತಲೆನೋವಿನ ವಿಷಯ. ನಮ್ಮೂರ ಸೇತುವೆ ಕೆಳಗೇ ಬಾಂದಾರ (ಹಳ್ಳಕ್ಕೆ ಅಡ್ಡ ಕಟ್ಟಿದ ಸಣ್ಣ ಒಡ್ಡು) ಇದೆ. ಮಳೆಗಾಲ ಮುಗಿದ ಮೇಲೆ ಕಂಡಿಗಳಿಗೆ ಪ್ಲೇಟ್ ಹಾಕುತ್ತಾರೆ, ಹಿಂಗಾರಿಗೆ ನೀರು ನಿಲ್ಲುತ್ತದೆ. (ಹಿಂದೆಲ್ಲ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ಗಿಡಿಯುತ್ತಿದ್ದರು. ಹಲಗೆ ಬೇಸಿಗೆಯಲ್ಲಿ ಯಾರ ಒಲೆಗೆ ಹೋಗುತ್ತಿತ್ತೋ ದೇವರೇ ಬಲ್ಲ.) ಪೆಟ್ಟಿಗೆ ಸೇತುವೆಯ ಸ್ಲ್ಯಾಬಿನ ಅಡಿಗೆ ತೂಗಿದೆ. ನಿಂತ ನೀರು, ಗೀಟು ಸಪಾಟಾಗಿ ಬರಬೇಕು. ಬರಲಿಲ್ಲ. ದಿನಾ ಒಂದು ಹೊತ್ತಿಗೆ ಗೀಟು ಕೆಳಗೆ ಬಾಗುತ್ತಿತ್ತು, ಏಳೆಂಟು ಗಂಟೆಯಲ್ಲಿ ಹೆಚ್ಚುಕಮ್ಮಿ ಒಂದು ಗೇಣು ಇಳಿಯುತ್ತಿತ್ತು, ಆಮೇಲೆ ನಿಧಾನಕ್ಕೆ ಅರ್ಧಕ್ಕರ್ಧ ಏರುತ್ತಿತ್ತು. ಗರಗಸದ ಹಲ್ಲು.

ಎಲ್ಲರ ಮೊದಲ ಅನುಮಾನ ಶಾಖದ ಮೇಲೆ. ಅದರಲ್ಲಿ ಅರ್ಥವಿದೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ 355. ಅಂದರೆ ಮೂರೂವರೆ ಪರ್ಸೆಂಟ್ ಫರಕು. ಸ್ಲ್ಯಾಬಿನಿಂದ ನೀರಿಗೆ ಎರಡೂವರೆ ಮೀಟರ್ ಇದ್ದರೆ ಒಂಬತ್ತು ಸೆಂಟಿಮೀಟರ್ ಹತ್ತಿರ ತಪ್ಪು ಬರುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಗು ಮತ್ತು ಮಧ್ಯಾಹ್ನದ ನಡುವೆ ಅಂತರ ಜಾಸ್ತಿನೇ. ಸರಿ, ಡಿಎಸ್18ಬಿ20 ಅನ್ನೋ ಶಾಖದ ಸೆನ್ಸರ್ ಒಂದನ್ನು ನೆರಳಿಗೆ ಕಟ್ಟಿ ಲೆಕ್ಕ ತಿದ್ದಿದೆ.

ಗೀಟು ಇನ್ನೂ ಆಳಕ್ಕಿಳಿಯಿತು!

ಇಲ್ಲೇ ಸುಳಿವು ಇದ್ದಿದ್ದು. ಸೆಕೆ ಜಾಸ್ತಿ ಆದರೆ ಶಬ್ದ ಬೇಗ ವಾಪಸ್ ಬರುತ್ತದೆ. ಸೆನ್ಸರ್‌ಗೆ ನೀರು ಹತ್ತಿರ ಇದೆ ಅನ್ನಿಸುತ್ತದೆ, ಮಟ್ಟ ಏರಿದಂತೆ ಕಾಣುತ್ತದೆ. ನನಗೆ ಕಾಣುತ್ತಿದ್ದುದು ಇಳಿತ. ಬಿಸಿಲು ಇಳಿತವನ್ನು ಹುಟ್ಟಿಸುತ್ತಿರಲಿಲ್ಲ, ಮುಚ್ಚುತ್ತಿತ್ತು. ತಿದ್ದಿದ ಮೇಲೆ ಪೂರ್ತಿ ಬಯಲಾಯಿತು.

ಉಳಿದ ಅನುಮಾನಗಳನ್ನು ಬೇಗ ಮುಗಿಸುತ್ತೇನೆ. ಈ ಸೆನ್ಸರಿನ ಶಬ್ದ ಅಗಲಕ್ಕೆ ಹರಡುತ್ತದೆ, ಸೇತುವೆಯ ಕಂಬಕ್ಕೆ ಬಡಿದು ಬರುತ್ತಿರಬಹುದೇ? ಬಂದರೆ ಹಗಲೂ ರಾತ್ರಿ ಒಂದೇ ಸಮ ಬರಬೇಕು. ಜೇಡ ಬಲೆ ಕಟ್ಟಿದರೆ ಹೊತ್ತುಗೊತ್ತಿಲ್ಲದೆ ಹಾರುತ್ತದೆ. ಎಮ್ಮೆಗಳದ್ದು ಬೇರೆಯೇ ಕತೆ. ಮಧ್ಯಾಹ್ನ ಎಮ್ಮೆ ನೀರಿಗಿಳಿದು ಸರಿಯಾಗಿ ಸೆನ್ಸರ್ ಕೆಳಗೆ ಮಲಗಿದರೆ ಹಳ್ಳ ಒಮ್ಮೆಲೇ ಏರುತ್ತದೆ, ಎದ್ದು ಹೋದರೆ ಇಳಿಯುತ್ತದೆ. ಸಾಲಾಗಿ ಹನ್ನೊಂದು ಅಳತೆ ತೆಗೆದು ನಡುವಿನದನ್ನು ಇಟ್ಟುಕೊಂಡರೆ ಬಾಲ ಬೀಸಿದ್ದು, ಕಿವಿ ಅಲ್ಲಾಡಿಸಿದ್ದು ಹೋಗುತ್ತದೆ. ಮಲಗಿದ ಎಮ್ಮೆಗೆ ಮೀಡಿಯನ್ ಫಿಲ್ಟರ್ ಲೆಕ್ಕಕ್ಕಿಲ್ಲ. ಅದಕ್ಕೆ ಎಬ್ಬಿಸಿ ಓಡಿಸುವುದೊಂದೇ ಫಿಲ್ಟರ್.

ಬೀಗ ತೆಗೆದಿದ್ದು ಒಂದು ಸೋಮವಾರ. ಹಗಲಲ್ಲಿ ಬಾಗುತ್ತಿದ್ದ ಗೀಟು ಅವತ್ತಿನಿಂದ ರಾತ್ರಿ ಬಾಗತೊಡಗಿತು. ರಾತ್ರಿ ಎಂಥ ಬಿಸಿಲು? ಹಿಂದಿನ ವಾರಗಳ ಗ್ರಾಫ್ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ನಮ್ಮ ಕಡೆ ಹೊಲಕ್ಕೆ ತ್ರೀಫೇಸ್ ಬರೋದೂ ಹಾಗೇ ಪಾಳಿಯಲ್ಲಿ. ಇನ್ನೂ ಹತ್ತಿರ ಹೋಗಿ ನೋಡಿದರೆ, ಕರೆಂಟ್ ಬಂದ ಹತ್ತು ನಿಮಿಷದೊಳಗೆ ಗೀಟು ಮುರಿದು ಇಳಿಯಲು ಶುರು. ಅಷ್ಟು ಚೂಪಾಗಿ ಯಾಕೆ? ಆಟೋ ಸ್ಟಾರ್ಟರ್. ರಾತ್ರಿ ನಿದ್ದೆಗೆಟ್ಟು ಹೋಗಿ ಬಟನ್ ಒತ್ತುವವರು ಈಗ ಯಾರಿದ್ದಾರೆ? ಕರೆಂಟ್ ಬಂತೆಂದರೆ ಎರಡೂ ದಂಡೆಯ ಮೋಟಾರುಗಳು ಒಟ್ಟಿಗೆ ಗುರ್ರ್ ಅನ್ನುತ್ತವೆ.

ಲೆಕ್ಕ ಹಾಕಿದೆ. 5 ಎಚ್‌ಪಿ ಮೋಟಾರು, 20 ಮೀಟರ್ ಎತ್ತರಕ್ಕೆ ಎತ್ತುತ್ತದೆ, ಶಕ್ತಿಯಲ್ಲಿ ಅರ್ಧ ಮಾತ್ರ ನೀರಿಗೆ ಸಿಗುತ್ತದೆ ಅಂತ ಹಿಡಿದರೆ ಸೆಕೆಂಡಿಗೆ 9 ಲೀಟರ್. ಏಳು ಗಂಟೆ ಓಡಿದರೆ ಎರಡು ಲಕ್ಷ ಲೀಟರಿಗೂ ಮೇಲೆ. ಬಾಂದಾರದ ಹಿನ್ನೀರು ಸುಮಾರು 300 ಮೀಟರ್ ಉದ್ದ, 15 ಮೀಟರ್ ಅಗಲ. ಒಂದು ಗೇಣು ಇಳಿಯಬೇಕಾದರೆ ಒಂಬತ್ತು ಲಕ್ಷ ಲೀಟರ್ ಹೋಗಬೇಕು. ಅಂದರೆ ನಾಲ್ಕು ಮೋಟಾರು. ಹಗಲು ಪಾಳಿಯಲ್ಲಿ ದಂಡೆ ಮೇಲೆ ನಡೆದು ಎಣಿಸಿದೆ, ಐದು ಓಡುತ್ತಿದ್ದವು. ಇಷ್ಟು ಕೂಡಿಬಂದರೆ ನನಗೆ ಸಾಕು. ಒಂದು ಹಳೇ ಫುಟ್‌ವಾಲ್ (ಪೈಪಿನ ನೀರೊಳಗಿನ ತುದಿಗೆ ಇರೋ ವಾಲ್ವ್) ಸೋರುತ್ತಿತ್ತು, ಅದನ್ನು ಬಿಡಿ.

ತಾಂತ್ರಿಕ ಸಮಸ್ಯೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಊರ ಸಮಸ್ಯೆ ಶುರುವಾಯಿತು. ಗ್ರಾಫನ್ನು ಮೂರೂ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗಿನೂರಿನವರಿಗೆ ಸಾಕ್ಷಿ ಸಿಕ್ಕ ಹಾಗಾಯಿತು. "ನೋಡ್ರಿ, ನಮ್ಮ ನೀರು ಎಲ್ಲಿ ಹೊಂಟೈತಿ" ಅಂತ ಶುರುವಾಗಿದ್ದು ಅಜ್ಜನ ಕಾಲದ ಬಾಕಿವರೆಗೆ ಹೋಯಿತು. ಐದು ಮೋಟಾರಿನಲ್ಲಿ ಮೂರು ನಮ್ಮೂರಿನವೇ. ಆದರೆ ಬೈಗುಳ ತಿಂದವರು ಮಾತ್ರ ಮೇಲಿನೂರಿನವರು. ಮರುದಿನ ರಾತ್ರಿ ಯಾರೋ ಪೆಟ್ಟಿಗೆಗೆ ಗೊಬ್ಬರದ ಚೀಲ ಕಟ್ಟಿದರು. ಒಡೆಯಲಿಲ್ಲ, ವೈರ್ ಕೊಯ್ಯಲಿಲ್ಲ, ನೀಟಾಗಿ ಸುತಳಿ ಹಾಕಿ ಕಟ್ಟಿದರು. ಮರ್ಯಾದಸ್ಥರು. ಆದರೆ ಚೀಲ ಸೆನ್ಸರಿನ ಮೂತಿಗೇ ಇತ್ತು. ಈ ಸೆನ್ಸರು 25 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಸರಿಯಾಗಿ ಓದುವುದಿಲ್ಲ, ಅಲ್ಲೇ ಸುಮ್ನೆ ನಿಂತುಬಿಡುತ್ತದೆ. ಪೆಟ್ಟಿಗೆಯ ಲೆಕ್ಕದಲ್ಲಿ ನೀರು ಸ್ಲ್ಯಾಬಿಗೆ ಬಂದಿತ್ತು. ಜನವರಿಯ ಒಣ ರಾತ್ರಿ, ಆಕಾಶದ ತುಂಬ ಚುಕ್ಕಿ, ಮೂರೂ ಊರಿನ ಫೋನುಗಳಿಗೆ "ಹಳ್ಳ ಬಂತು, ದಾಟಬೇಡಿ" ಎಂಬ ಸಂದೇಶ. ಕೆಳಗಿನೂರಿನಲ್ಲಿ ಒಬ್ಬರು ದನ ಬಿಚ್ಚಿ ಗುಡಿ ಕಟ್ಟೆಗೆ ಹೊಡೆದರಂತೆ.

ಅದೇ ನೆಪಕ್ಕೆ ಎಲ್ಲರೂ ಒಂದು ಕಡೆ ಕೂತರು. ಸೇತುವೆ ಮೇಲೇ ಕೂತರು, ಯಾರ ಊರೂ ಅಲ್ಲ ಅಂತ. ಬೈದಾಟ ಬಿಡೋಣ. ಮೇಲಿನೂರಿನ ಹಿರಿಯರೊಬ್ಬರು ಕೇಳಿದ್ದು ಮಾತ್ರ ನನಗೆ ನಾಟಿತು. "ತಮ್ಮಾ, ನಿನ್ನ ಪೆಟಗಿ ಹೇಳಿದ್ದ ಖರೆ ಅಂತ ನಾವ್ಯಾಕ ನಂಬಬೇಕು? ಯಾರ ಕಣ್ಣಿಗಾದ್ರೂ ಕಾಣೂವಂಗ ಏನರ ಮಾಡು." ನಾನು, "ಕಾಕಾ, ಪೆಟಗಿ ನಂಬಬ್ಯಾಡ್ರಿ. ಕಂಬಕ್ಕ ಪಟ್ಟಿ ಬರಸೋಣ, ನೀವ ಓದ್ರಿ" ಅಂದೆ. ಬಡಿವಾರಕ್ಕೆ ಹೇಳಿದ್ದಲ್ಲ. ಎರಡನೇ ಅಳತೆ ಇಲ್ಲದೆ ಯಾವ ಸೆನ್ಸರನ್ನೂ ನಂಬಬಾರದು ಅನ್ನೋದು ನಮ್ಮ ಹವ್ಯಾಸದ ಮೊದಲ ಪಾಠ ತಾನೇ.

ಪೇಂಟರ್ ಬಂದ, ಬರೆದ, ದುಡ್ಡು ತಗೊಂಡು ಹೋದ. ಸೊನ್ನೆ ಮೇಲಿತ್ತು! ನೀರು ಏರಿದಂತೆ ಅಂಕಿ ಕಡಿಮೆ ಆಗೋ ಪಟ್ಟಿ. ಕರೆದರೆ, "ಮ್ಯಾಲಿಂದ ತಳಗ ಬರೀತಾರಲ್ರಿ ಯಾವಾಗ್ಲೂ" ಅಂದ. ಮತ್ತೆ ಬರೆಸಿದ್ದಾಯಿತು, ಈ ಸಲ ದೊಡ್ಡ ಕನ್ನಡ ಅಂಕಿಗಳಲ್ಲಿ. ಈಗ ದಿನಾ ಬೆಳಿಗ್ಗೆ ಮೂರೂ ಊರಿನಿಂದ ಒಬ್ಬೊಬ್ಬರು ಪಟ್ಟಿಯ ಫೋಟೋ ಹಾಕುತ್ತಾರೆ. ಪೆಟ್ಟಿಗೆಗೂ ಪಟ್ಟಿಗೂ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಫರಕು ಬಂದರೆ ನನಗೆ ಫೋನ್. ಇಷ್ಟು ಕಟ್ಟುನಿಟ್ಟಿನ ತಪಾಸಣೆಯನ್ನು ನಾನು ದುಡ್ಡು ಕೊಟ್ಟರೂ ಮಾಡಿಸೋಕೆ ಆಗುತ್ತಿರಲಿಲ್ಲ.

ಪಟ್ಟಿಯ ಮೇಲೆ ಒಂದು ಕೆಂಪು ಗೀಟು ಇದೆ. ಅದನ್ನು ಎಲ್ಲಿ ಎಳೆಯಬೇಕು ಅನ್ನೋದಕ್ಕೇ ಅತಿ ಹೆಚ್ಚು ಹೊತ್ತು ಹಿಡಿಯಿತು. ಎಲ್ಲಕ್ಕಿಂತ ಮೇಲೆ ಕೂತ ಫುಟ್‌ವಾಲ್ ಯಾರದು ಅಂತ ನೋಡಿ, ಅದಕ್ಕಿಂತ ಒಂದು ಗೇಣು ಮೇಲೆ ಎಳೆದರು. ನೀರು ಅದಕ್ಕಿಂತ ಕೆಳಗಿಳಿದರೆ ಅವತ್ತಿಗೆ ಎಲ್ಲ ಮೋಟಾರ್ ಬಂದ್. ಮೇಲಿದ್ದರೆ ವಾರಕ್ಕೊಮ್ಮೆ ಒಂದು ಕಂಡಿಯ ಮೇಲಿನ ಪ್ಲೇಟ್ ಎತ್ತಿ ಕೆಳಗಿನೂರಿನ ದನಕರುಗಳಿಗೆ ನೀರು ಬಿಡಬೇಕು. ಆಟೋ ಸ್ಟಾರ್ಟರ್ ತೆಗೆದು, ಅರ್ಧ ಮೋಟಾರು ಮೊದಲ ಪಾಳಿಗೆ, ಉಳಿದರ್ಧ ಎರಡನೆಯದಕ್ಕೆ. ಒಟ್ಟು ನೀರು ಅರ್ಧಕ್ಕೆ ಇಳಿಯುತ್ತದೆ, ನಿಜ. ಗೋವಿನಜೋಳದವರು ಗೊಣಗಿದರು, ಕಡಲೆ ಬಿಳಿಜೋಳದವರು ಸುಮ್ಮನಿದ್ದರು. ಕಬ್ಬಿನವರು ಇನ್ನೂ ಗೊಣಗುತ್ತಿದ್ದಾರೆ.

ನಮ್ಮ ಜಿಲ್ಲೆಗೆ ಇದೇನು ಹೊಸದಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ತಾವೇ ದುಡಿದು 1989ರಲ್ಲಿ ಇಡೀ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಅದಕ್ಕೆ ಹೆಸರು. ಸೇತುವೆ ಮೇಲೆ ಕೂತಾಗ ಎರಡೂ ಕಡೆಯವರು ಅದನ್ನೇ ಎತ್ತಿ ಆಡಿದರು. "ಅವರು ಬ್ಯಾರೇಜ್ ಕಟ್ಟ್ಯಾರ, ನಮಗ ಒಂದು ಗೀಟು ಎಳಿಯಾಕ ಆಗವಲ್ದು" ಅಂದವರು ಮೇಲಿನೂರಿನವರೇ.

ಪಾಳಿ ಶುರುವಾದ ಮೇಲಿನ ಗ್ರಾಫ್‌ನಲ್ಲಿ ಇಳಿಜಾರು ಕಡಿಮೆ ಆಗಿದೆ. ಆದರೆ ನಡುರಾತ್ರಿ ಒಂದು ಸಣ್ಣ ಮುರಿತ ಇನ್ನೂ ಇದೆ. ಒಂದೇ ಮೋಟಾರಿನಷ್ಟು. ಯಾರದು ಅಂತ ಎಲ್ಲರಿಗೂ ಗೊತ್ತು. ಅವರು ನಮ್ಮ ಸೋದರಮಾವ ಆಗಬೇಕಾದ್ದರಿಂದ ಆ ವಿಷಯ ಇಲ್ಲಿಗೆ ಸಾಕು.

ನಡುವೆ ಇನ್ನೊಂದು ಹುಚ್ಚು ಹಿಡಿದಿದೆ. ತಾಳಿಕೋಟೆಯ ಗೆಳೆಯನೊಬ್ಬ ಡೋಣಿ ನದಿಗೆ ಇಂಥದ್ದೇ ಪೆಟ್ಟಿಗೆ ಬೇಕು ಅನ್ನುತ್ತಿದ್ದಾನೆ. ಡೋಣಿ ನೀರು ಉಪ್ಪು, ಹೂಳು ಬೇರೆ. ಅಲ್ಲಿ ಮಟ್ಟದ ಜೊತೆ ನೀರಿನ ವಿದ್ಯುತ್ ವಾಹಕತೆಯನ್ನೂ ಅಳೆದರೆ ಮಳೆ ಬಂದಾಗ ಉಪ್ಪು ಎಷ್ಟು ಕಡಿಮೆ ಆಗುತ್ತದೆ, ಯಾವಾಗ ಹೊಲಕ್ಕೆ ಬಿಡಬಹುದು ಅಂತ ಗೊತ್ತಾಗುತ್ತದೆ. ಅಗ್ಗದ ಟಿಡಿಎಸ್ ಪ್ರೋಬ್ (ನೀರಲ್ಲಿ ಕರಗಿದ ಉಪ್ಪು ಅಳೆಯೋ ಕಡ್ಡಿ) ಬಕೆಟ್ಟಿನಲ್ಲಿ ಚೆನ್ನಾಗೇ ಓದಿತು. ಎರೆಮಣ್ಣಿನ ಕೆಸರಿನಲ್ಲಿ ಎಷ್ಟು ದಿನ ಬಾಳುತ್ತದೆ ನೋಡಬೇಕು. ಮಲಪ್ರಭೆ ಕಾಲುವೆ ಕಡೆಯ ಸವಳು ಭೂಮಿಗೂ ಅದೇ ಪ್ರೋಬ್ ಬಳಸೋ ಆಸೆ ಇದೆ.

ಅದಕ್ಕೆ ಮೊದಲು ಮಳೆಗಾಲದ ಕೆಲಸ. ಮೇಲಿನೂರಿನವರು ಈಗ ತಾವೇ ಒಂದು ಪೆಟ್ಟಿಗೆ ಕೇಳಿದ್ದಾರೆ, ಕಂಬ ಅವರದೇ, ಪಂಚಾಯಿತಿಯಿಂದ ಕಾಗದವೂ ಅವರೇ ತಂದಿದ್ದಾರೆ. ಅಲ್ಲಿ ನೀರು ಏರಿದ್ದಕ್ಕೂ ನಮ್ಮಲ್ಲಿ ಏರಿದ್ದಕ್ಕೂ ನಡುವೆ ಎಷ್ಟು ನಿಮಿಷ ಅಂತ ತಿಳಿದರೆ ಕೆಳಗಿನೂರಿನವರಿಗೆ ಮೊದಲೇ ತಿಳಿಸೋದಕ್ಕೆ ಸಮಯ ಸಿಗುತ್ತದೆ. ಹೊಳೆ ಬಂದಾಗ ನೊರೆ, ಕಸ, ತೇಲೋ ಕಬ್ಬಿನ ರವುದಿ ಎಲ್ಲ ಇರೋದರಿಂದ ಅಲ್ಟ್ರಾಸಾನಿಕ್ ಸಾಲದು. 24 ಗಿಗಾಹರ್ಟ್ಸ್‌ನ ಎಚ್‌ಎಲ್‌ಕೆ-ಎಲ್‌ಡಿ2413 ರಾಡಾರ್ ಮಾಡ್ಯೂಲ್ ನೋಡಿದ್ದೇನೆ, ಹತ್ತು ಮೀಟರ್‌ವರೆಗೆ ಓದುತ್ತದೆ. ಈ ಸಲ ಬೇರೆ ಅಂಗಡಿ. ಪಾರ್ಸಲ್ ಒಡೆಯುವಾಗ ವಿಡಿಯೋ ಮಾಡುತ್ತೇನೆ.