ಕೆಂಪಿಯ ಹೊಲಿಗೆ ಬಿಚ್ಚಿದ್ದು

ನಮ್ಮ ನಾಯಿ ಕೆಂಪಿಯ ಹೊಲಿಗೆ ಬಿಚ್ಚುವ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. ಅವಳಿಗೆ ಸಂತಾನಹರಣದ ಆಪರೇಷನ್ ಆಗಿತ್ತು. ‘10ರಿಂದ 14 ದಿನದೊಳಗೆ ಕರೆದುಕೊಂಡು ಬನ್ನಿ, ಹೊಲಿಗೆ ಬಿಚ್ಚಿ ಕಳಿಸುತ್ತೇನೆ’ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಮಲೆನಾಡಿನ ಸಾಗರದ ಕಡೆಯ ಜಡಿಮಳೆ ನಿಮಗೆ ಗೊತ್ತಲ್ವಾ? ನಮ್ಮ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಹೋಗುವ ರಸ್ತೆ ಆ ದಿನಗಳಲ್ಲಿ ರಸ್ತೆಯಂತೆ ಇರುವುದಿಲ್ಲ. ಅದರ ಮೇಲೆ ಕೆಂಪಿಗೆ ಗಾಡಿ ಎಂದರೆ ಜೀವಭಯ. ಆಪರೇಷನ್‌ಗೆ ಹೋದಾಗ ದಾರಿಯುದ್ದಕ್ಕೂ ನಡುಗಿದ್ದಳು, ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಅಂಗಳದಲ್ಲಿ ಓಮ್ನಿ ಸ್ಟಾರ್ಟ್ ಆದ ಸದ್ದು ಕೇಳಿದರೆ ಸಾಕು, ಸೌದೆ ಕೊಟ್ಟಿಗೆಯ ಮೂಲೆ ಸೇರಿಬಿಡುತ್ತಿದ್ದಳು.

‘ಅಷ್ಟಕ್ಕೆಲ್ಲಾ ಯಾಕೆ ಒದ್ದಾಡೋದು? ನಾನೇ ಬಿಚ್ಚಿಕೊಡ್ತೀನಿ’ ಎಂದರು ಭಾವ. ಅವರದು ಬಾಯಿಮಾತಲ್ಲ. ಹುಟ್ಟಿದಾಗಿನಿಂದ ದನಕರುಗಳ ಜೊತೆ ಬೆಳೆದವರು. ಹುಳ ಬಿದ್ದ ಗಾಯ ತೊಳೆದು ಔಷಧಿ ಹಾಕುವುದರಲ್ಲಿ ಅವರ ಕೈ ಒಳ್ಳೆಯದು ಎಂದು ಸುತ್ತಲ ಮನೆಯವರೆಲ್ಲಾ ಕರೆಯುತ್ತಾರೆ. ಅಮ್ಮನೂ ಅವರ ಪರವೇ. ‘ಪಾಪ, ಅದನ್ನ ಮತ್ತೆ ಆ ಗಾಡಿಯಲ್ಲಿ ತುಂಬಬೇಡಿ’ ಎಂದು ಅಮ್ಮ ಹೇಳಿದಾಗ ನನಗೂ ಕರುಳು ಚುರ್ ಎಂದಿತು.

ನಿಜ ಹೇಳಬೇಕೆಂದರೆ ಭಾವನ ಮಾತಿನಲ್ಲಿ ನ್ಯಾಯವಿತ್ತು. ಹೆದರಿದ ಪ್ರಾಣಿ ಮೇಜಿನ ಮೇಲೆ ಕೊಸರಾಡುವುದಕ್ಕಿಂತ ತನ್ನ ಜಗಲಿಯ ಮೇಲೆ, ತನ್ನವರ ಕೈಯಲ್ಲಿ ಸುಮ್ಮನೆ ಮಲಗುವುದು ಒಳ್ಳೆಯದೇ. ನೂಲು ಕತ್ತರಿಸಿ ಎಳೆಯುವುದು ದೊಡ್ಡ ವಿದ್ಯೆಯೂ ಅಲ್ಲ. ಪಟ್ಟಣದಲ್ಲಿ ಎಷ್ಟೋ ಜನ ತಮ್ಮ ಬೆಕ್ಕು ನಾಯಿಗಳ ಹೊಲಿಗೆಯನ್ನು ಡಾಕ್ಟರನ್ನು ಕೇಳಿಕೊಂಡು ಮನೆಯಲ್ಲೇ ಬಿಚ್ಚುತ್ತಾರೆ. ಆದರೂ ‘ಒಂದು ಮಾತು ಡಾಕ್ಟರಮ್ಮನಿಗೆ ಕೇಳೋಣ ಭಾವ, ಆಮೇಲೆ ನೀವೇ ಬಿಚ್ಚಿ’ ಎಂದೆ. ಅವರು ಬೇಡ ಎನ್ನಲಿಲ್ಲ.

ಫೋನಿನಲ್ಲಿ ಡಾಕ್ಟರಮ್ಮ ಕೇಳಿದ್ದೆಲ್ಲಾ ನಾನು ಯೋಚಿಸದೇ ಇದ್ದ ಪ್ರಶ್ನೆಗಳು. ಊಟ ಹೇಗೆ ಮಾಡ್ತಾಳೆ? ಗಾಯದಿಂದ ನೀರು, ಕೀವು, ವಾಸನೆ ಏನಾದರೂ ಇದೆಯಾ? ಮುಟ್ಟಿದರೆ ಬಿಸಿ ಹತ್ತುತ್ತದಾ? ನೆಕ್ಕಿಕೊಂಡಿದ್ದಾಳಾ? ನೆಕ್ಕದಿರಲಿ ಎಂದು ಅಮ್ಮ ಹಳೇ ಬನಿಯನ್ನಿಗೆ ಕಾಲಿನ ತೂತು ಮಾಡಿ ತೊಡಿಸಿದ್ದರು. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕಾಲರ್‌ಗಿಂತ ಅದೇ ಅವಳಿಗೆ ಒಗ್ಗಿತ್ತು. ‘ಬನಿಯನ್ ತೆಗೆದು, ಬೆಳಕಲ್ಲಿ ಹತ್ತಿರದಿಂದ ಎರಡು ಫೋಟೋ ಕಳಿಸಿ. ಒಂದು ಮಲಗಿದಾಗ, ಒಂದು ನಿಂತಾಗ’ ಎಂದರು.

ನಿಂತಾಗ ಯಾಕೆ ಎಂದು ಆಗ ಅರ್ಥವಾಗಲಿಲ್ಲ. ಫೋಟೋ ನೋಡಿದ ಮೇಲೆ ಅರ್ಥವಾಯಿತು. ಮಲಗಿದಾಗ ಗಾಯ ಸಪಾಟಾಗಿ, ಒಣಗಿ ಚೆನ್ನಾಗಿ ಕಾಣುತ್ತಿತ್ತು. ನಿಂತಾಗ ಕೆಳತುದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ತೂಗುತ್ತಿತ್ತು. ಬನಿಯನ್ನಿನ ಒಳಗೆ ಅದು ನಮಗೆ ಕಂಡಿರಲೇ ಇಲ್ಲ. ‘ಒಂದು ಹೊಲಿಗೆಯನ್ನೂ ಮುಟ್ಟಬೇಡಿ. ಕರೆದುಕೊಂಡು ಬನ್ನಿ’ ಎಂದು ಡಾಕ್ಟರಮ್ಮ ತಕ್ಷಣ ಹೇಳಿದರು.

1962ಕ್ಕೆ ಕರೆ ಮಾಡಿ, ಮನೆ ಬಾಗಿಲಿಗೆ ಬರುವ ಪಶು ಆಂಬುಲೆನ್ಸ್ ‘ಪಶು ಸಂಜೀವಿನಿ’ ಗಾಡಿ ಕರೆಸೋಣ ಎಂದಳು ಅಕ್ಕ. ಕರು ಹಾಕಲಾಗದೆ ಒದ್ದಾಡುತ್ತಿರುವ ಹಸು ಎಲ್ಲೋ ಇರಬಹುದು, ಆ ಗಾಡಿ ಅಂಥವರಿಗಿರಲಿ ಎಂದು ನಾವೇ ಹೊರಟೆವು. ಬೆಳಿಗ್ಗೆ ಕೆಂಪಿಗೆ ಏನೂ ತಿನ್ನಿಸಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಈ ಸಲ ವಾಂತಿ ಆಗಲಿಲ್ಲ. ನಡುಕ ಮಾತ್ರ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕತ್ತರಿ ಮುಟ್ಟುವ ಮೊದಲು ತುಂಬಾ ಹೊತ್ತು ಬರೀ ಬೆರಳಿನಿಂದ ನೋಡಿದರು. ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಿಸಿದರು. ಎಷ್ಟೇ ಪ್ರೀತಿಯ ನಾಯಿಯಾದರೂ ನೋವಾದರೆ ಕಚ್ಚುತ್ತದೆ ಎಂದರು. ನಿಲ್ಲಿಸಿ ಉಬ್ಬನ್ನು ಹಿಡಿದರು, ಮಲಗಿಸಿ ಮತ್ತೆ ಒತ್ತಿದರು. ನಾನು ಕೇಳುತ್ತಾ ಹೋದೆ, ಅವರು ಕೈ ನಿಲ್ಲಿಸದೇ ಹೇಳುತ್ತಾ ಹೋದರು.

ಹೊರಗೆ ಕಾಣುವ ಹೊಲಿಗೆ ಬರೀ ಚರ್ಮದ್ದು. ಅದರ ಕೆಳಗೆ ಕೊಬ್ಬಿನ ಪದರಕ್ಕೆ ಒಂದು ಹೊಲಿಗೆ, ಅದಕ್ಕೂ ಕೆಳಗೆ ಹೊಟ್ಟೆಯ ಗೋಡೆಗೆ ಇನ್ನೊಂದು. ಆ ಎರಡೂ ತಾನಾಗಿ ಕರಗುವ ದಾರದಲ್ಲಿ ಹಾಕಿದ್ದು. ಕರುಳಿನ ಭಾರ ಹೊರುವುದು ಆ ಕೆಳಗಿನ ಗೋಡೆ, ಚರ್ಮ ಅಲ್ಲ. ಆ ಗೋಡೆಯ ಹೊಲಿಗೆ ಎಲ್ಲಾದರೂ ಬಿಟ್ಟುಹೋಗಿದ್ದರೆ ಕೊಬ್ಬೋ ಕರುಳೋ ಅದರೊಳಗಿಂದ ನುಸುಳಿ ಚರ್ಮದ ಕೆಳಗೆ ಬಂದು ಕೂರುತ್ತದೆ. ಹೊರಗಿನಿಂದ ನೋಡಿದರೆ ಅದೂ ಒಂದು ಉಬ್ಬು ಅಷ್ಟೇ. ಆಗ ಚರ್ಮದ ಹೊಲಿಗೆ ಬಿಚ್ಚಿದರೆ ಕರುಳನ್ನು ತಡೆದು ನಿಲ್ಲಿಸಲು ಏನೂ ಉಳಿಯುವುದಿಲ್ಲ. ಇದನ್ನು ಕೇಳುವಾಗ ನನ್ನ ಕೈ ತಣ್ಣಗಾಯಿತು. ಭಾವ ಕೆಂಪಿಯ ಕಿವಿ ಸವರುತ್ತಾ ಒಂದು ಮಾತೂ ಬಿಡದೆ ಕೇಳುತ್ತಿದ್ದರು.

ದೇವರು ದೊಡ್ಡವನು, ಅದು ಹಾಗಿರಲಿಲ್ಲ. ಒತ್ತಿದರೆ ಉಬ್ಬು ಒಳಗೆ ಜಾರುತ್ತಿರಲಿಲ್ಲ, ಗೋಡೆಯಲ್ಲಿ ತೂತಿನ ಅಂಚು ಬೆರಳಿಗೆ ಸಿಗಲಿಲ್ಲ. ಜ್ವರ ನೋಡಿದರು, 38.6 ಡಿಗ್ರಿ ಸೆಲ್ಸಿಯಸ್ ಇತ್ತು. ನಾಯಿಗೆ 38ರಿಂದ 39ರ ಆಸುಪಾಸು ಮಾಮೂಲು. ಅವಳು ಜಾಸ್ತಿ ಓಡಾಡಿದ್ದರಿಂದ ಪದರಗಳ ನಡುವೆ ನೀರು ತುಂಬಿಕೊಂಡಿತ್ತು. ಅದನ್ನು ಸೂಜಿ ಹಾಕಿ ತೆಗೆಯುವುದೂ ಬೇಡ, ಸುಮ್ನೆ ಚುಚ್ಚಿದರೆ ಸೋಂಕು ಒಳಗೆ ಹೋಗಬಹುದು, ಕಟ್ಟಿಹಾಕಿ ಇಡಿ, ಮೈ ತಾನೇ ಹೀರಿಕೊಳ್ಳುತ್ತದೆ ಎಂದರು. ಮೇಲಿನ ಹೊಲಿಗೆಗಳನ್ನೆಲ್ಲಾ ಬಿಚ್ಚಿದರು. ಉಬ್ಬಿನ ಮೇಲಿನ ಎರಡನ್ನು ಮಾತ್ರ ಹಾಗೇ ಬಿಟ್ಟರು. ಒಳಗಿನ ನೀರು ಎಳೆಯುತ್ತಿದ್ದರಿಂದ ಅಲ್ಲಿ ಚರ್ಮ ಇನ್ನೂ ಪೂರ್ತಿ ಕೂಡಿರಲಿಲ್ಲ.

ಆ ಎರಡು ಹೊಲಿಗೆಯನ್ನು ಬಿಡಬೇಕು ಎನ್ನುವುದು ನಮ್ಮಲ್ಲಿ ಯಾರಿಗೆ ಹೊಳೆಯುತ್ತಿತ್ತು? ಭಾವನ ಕೈ ಎಷ್ಟು ಚೆನ್ನಾಗಿದ್ದರೂ ಅವರು ಎಲ್ಲವನ್ನೂ ಬಿಚ್ಚುತ್ತಿದ್ದರು. ಮಳೆಗಾಲ, ನೊಣಗಳ ಕಾಲ. ಒಂದಿಷ್ಟು ಬಾಯಿ ಬಿಟ್ಟ ಗಾಯ ಸಾಕು, ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ.

ಮತ್ತೆ ಇಷ್ಟು ದೂರ ತರಬೇಕಲ್ಲಾ ಎಂದು ನನ್ನ ಮುಖ ಸಪ್ಪೆಯಾಗಿದ್ದನ್ನು ಡಾಕ್ಟರಮ್ಮ ನೋಡಿರಬೇಕು. ‘ಉಬ್ಬು ಇಳಿದ ಮೇಲೆ ಫೋಟೋ ಕಳಿಸಿ. ನಾನು ಸರಿ ಅಂದರೆ ಆ ಎರಡನ್ನು ಮನೆಯಲ್ಲೇ ಬಿಚ್ಚಿ’ ಎಂದರು. ಆಮೇಲೆ ಭಾವನನ್ನು ಹತ್ತಿರ ಕರೆದು ತೋರಿಸಿದರು. ಗಂಟನ್ನು ಚಿಮಟದಲ್ಲಿ ಹಿಡಿದು ಮೇಲೆತ್ತಬೇಕು. ಆಗ ಚರ್ಮದ ಒಳಗಿದ್ದ ನೂಲು ಚೂರು ಹೊರಗೆ ಬರುತ್ತದೆ. ಗಂಟಿನ ಕೆಳಗೆ, ಒಂದೇ ಪಕ್ಕದಲ್ಲಿ, ಚರ್ಮಕ್ಕೆ ತಾಗಿದಂತೆ ಕತ್ತರಿಸಿ ಎಳೆಯಬೇಕು. ಹಾಗೆ ಮಾಡಿದರೆ ಹೊರಗಿದ್ದು ಕೊಳೆಯಾದ ನೂಲು ಗಾಯದ ಒಳಗೆ ಹಾಯುವುದಿಲ್ಲ. ಎರಡೂ ಪಕ್ಕ ಕತ್ತರಿಸಿದರೆ ತುಂಡು ಒಳಗೇ ಉಳಿದು ಕೀವಾಗುತ್ತದೆ. ಗಾಯದ ಹಕ್ಕಳೆ ಒಣಗಿ ಅಂಟಿದ್ದರೆ ಕಿತ್ತೆಳೆಯಬಾರದು, ಉಗುರುಬೆಚ್ಚಗಿನ ಉಪ್ಪುನೀರಿನ ಹತ್ತಿ ಇಟ್ಟು ನೆನೆಸಬೇಕು. ಅವಳು ಕೊಸರಾಡಿದರೆ ಅಲ್ಲಿಗೇ ಬಿಟ್ಟುಬಿಡಬೇಕು. ಅಮ್ಮ ಹೇಳಿ ಕಳಿಸಿದ್ದ ಡೆಟಾಲ್ ಮತ್ತು ಅರಿಶಿನದ ಬಗ್ಗೆ ಕೇಳಿದೆ. ಎರಡೂ ಬೇಡ, ನೀರು ಬೆರೆಸಿದ ಬೆಟಾಡಿನ್ ಸಾಕು ಎಂದರು. ನಮ್ಮ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು ಎಂದೂ ಎಚ್ಚರಿಸಿದರು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ.

ಉಬ್ಬು ನಿಧಾನಕ್ಕೆ ಇಳಿಯಿತು. ಮಲಗಿದ್ದು, ನಿಂತದ್ದು, ಎರಡೂ ಫೋಟೋ ಕಳಿಸಿದೆ. ‘ಈಗ ಬಿಚ್ಚಬಹುದು’ ಎಂದು ಉತ್ತರ ಬಂತು. ಭಾವ ಕೈ ತೊಳೆದು, ಕುದಿಸಿ ಆರಿಸಿದ ಕತ್ತರಿ ಹಿಡಿದು ಜಗಲಿಯ ಬೆಳಕಿಗೆ ಬಂದರು. ಅಮ್ಮ ತಟ್ಟೆಗೆ ಮೊಸರನ್ನ ಮೆತ್ತಿ ಕೆಂಪಿಯ ಮುಂದಿಟ್ಟರು. ನಾನು ಅವಳ ಹಿಂಗಾಲು ಹಿಡಿದೆ. ಅವಳು ತಟ್ಟೆ ನೆಕ್ಕಿ ಮುಗಿಸುವ ಮೊದಲೇ ಕೆಲಸ ಮುಗಿದಿತ್ತು. ಭಾವ ಎರಡೂ ನೂಲನ್ನು ಬಿಳಿ ಬಟ್ಟೆಯ ಮೇಲೆ ಹಾಸಿ, ತುಂಡೇನೂ ಒಳಗೆ ಉಳಿದಿಲ್ಲ ತಾನೇ ಎಂದು ಕನ್ನಡಕ ಹಾಕಿಕೊಂಡು ನೋಡಿದರು.

ಮುಂದಿನ ತಿಂಗಳು ಪಕ್ಕದ ಮನೆಯ ಬೆಕ್ಕಿಗೂ ಇದೇ ಆಪರೇಷನ್ ಇದೆ. ಹೊಲಿಗೆ ಬಿಚ್ಚುವುದನ್ನು ಭಾವನ ಕೈಲೇ ಮಾಡಿಸುತ್ತೇವೆ ಎಂದರು ಅವರು. ‘ಹೊರಗಿನದು ಬಿಚ್ಚುವ ದಾರವೋ ಕರಗುವ ದಾರವೋ ಅಂತ ಆಪರೇಷನ್ ದಿನವೇ ಕೇಳಿಕೊಂಡು ಬನ್ನಿ. ಡಾಕ್ಟರು ನೋಡಿ ಸರಿ ಅಂದರೆ ಮಾತ್ರ ನನ್ನನ್ನು ಕರೀರಿ’ ಎಂದು ಭಾವ ಹೇಳಿ ಕಳಿಸಿದ್ದಾರೆ.