ಆ ಧೂಳಿನ ಬಣ್ಣ ಯಾವುದು?

ಉತ್ತರ ಫ್ರಾನ್ಸಿನ ಒಂದು ಸಣ್ಣ ಊರಿನ ಮ್ಯೂಸಿಯಂನಲ್ಲಿ ನಾನು ಕೆಲಸ ಮಾಡುತ್ತೇನೆ. ಜನ ತಂದುಕೊಡುವ ಹಳೆಯ ಸಾಮಾನಿಗೆ ನಂಬರ್ ಹಾಕುವುದು, ದಾಖಲೆ ಪುಸ್ತಕದಲ್ಲಿ ಬರೆಯುವುದು, ಕೆಡದ ಹಾಗೆ ಎತ್ತಿಡುವುದು ನನ್ನ ಕೆಲಸ. ಇದು ಕಲ್ಲಿದ್ದಲಿನ ಸೀಮೆ. 1720ರಲ್ಲಿ ಫ್ರೆನ್ ಎಂಬ ಊರಿನಲ್ಲಿ ಮೊದಲು ಕಲ್ಲಿದ್ದಲು ಸಿಕ್ಕಿತು. 1990ರ ಡಿಸೆಂಬರ್ 21ರಂದು ವಾನ್ಯಿಯ ಗಣಿಯಿಂದ ಕೊನೆಯ ತೊಟ್ಟಿ ಮೇಲೆ ಬಂತು. ನಡುವಿನ 270 ವರ್ಷ ಅಪ್ಪ, ಮಗ, ಮೊಮ್ಮಗ ಎಲ್ಲರೂ ನೆಲದಡಿಗೇ ಇಳಿದರು. ಹಾಗಾಗಿ ನಮ್ಮಲ್ಲಿಗೆ ಬರುವ ಸಾಮಾನೂ ಜಾಸ್ತಿ ಗಣಿಯದ್ದೇ. ದೀಪ, ಟೋಪಿ, ಸಂಬಳದ ಚೀಟಿ, ಪದಕ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಒಂದು ತಪ್ಪು ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತು ದಾಟಿದ ಒಬ್ಬ ಅಜ್ಜಿ ತಮ್ಮ ಅಪ್ಪನ ಬಟ್ಟೆ ಚೀಲ ತಂದುಕೊಟ್ಟರು. ಗಣಿಯವರು ಬುತ್ತಿ ಒಯ್ಯುತ್ತಿದ್ದ ಚೀಲ, ಇಲ್ಲಿನವರ ಬಾಯಲ್ಲಿ ಮ್ಯೂಸೆಟ್. ಬುತ್ತಿಗೆ ಬ್ರಿಕೆ ಅನ್ನುತ್ತಾರೆ. ಬೆಣ್ಣೆ ಸವರಿದ ದಪ್ಪ ಬ್ರೆಡ್ಡು, ಜೊತೆಗೆ ಒಂದು ಬಾಟಲಿ ಕಾಫಿ. ಆ ಕಾಫಿಗೆ ಚಿಕೋರಿ ಬೆರೆಸುತ್ತಿದ್ದರು, ನಮ್ಮ ಹಾಗೇ. ಚಿಕೋರಿ ಈ ಸೀಮೆಯದ್ದೇ ಬೆಳೆ. ಬ್ರೆಡ್ಡಿನ ಒಂದು ತುಂಡು ಉಳಿಸಿಕೊಂಡು ಸಂಜೆ ಮಕ್ಕಳಿಗೆ ತರುವುದು ವಾಡಿಕೆ. ಅದಕ್ಕೆ ಬಾನಾಡಿಯ ರೊಟ್ಟಿ ಎಂಬ ಅರ್ಥದ ಚಂದದ ಹೆಸರಿದೆ. ನೆಲದಡಿಯಿಂದ ಬಂದ ಬ್ರೆಡ್ಡಿಗೆ ಹಕ್ಕಿಯ ಹೆಸರು! ಮೊದಲ ಸಲ ಕೇಳಿದಾಗ ನನಗೆ ಗಂಟಲು ಕಟ್ಟಿತ್ತು.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಆದರೂ ಅಜ್ಜಿಯನ್ನು ಹೆಚ್ಚೇನೂ ಕೇಳಲಿಲ್ಲ. ಮ್ಯೂಸಿಯಂ ಮುಚ್ಚುವ ಹೊತ್ತಾಗಿತ್ತು. ಹೆಸರು, ವಿಳಾಸ, ಸಹಿ ತೆಗೆದುಕೊಂಡು ಕಳಿಸಿಬಿಟ್ಟೆ.

ಮಾರನೇ ದಿನ ಚೀಲ ಬಿಚ್ಚಿದೆ. ಮೂಲೆಗಳಲ್ಲಿ, ಹೊಲಿಗೆಯ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ನಾನು ಬೆಳೆದ ಮನೆಯಲ್ಲಿ ಹಬ್ಬ ಬಂತೆಂದರೆ ಹಿತ್ತಾಳೆ ಸಾಮಾನನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತಿದ್ದರು. ಹಳೆಯದನ್ನು ಗೌರವಿಸುವುದು ಎಂದರೆ ಚೊಕ್ಕ ಮಾಡುವುದು ಅಂತಲೇ ನನ್ನ ಕೈಗೆ ಅಭ್ಯಾಸ. ಮೆತ್ತನೆಯ ಬ್ರಷ್ ತೆಗೆದುಕೊಂಡೆ. ಸಣ್ಣ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ತೆಳು ಬಲೆ ಕಟ್ಟಿ, ಎಳೆತ ಕಡಿಮೆ ಇಟ್ಟು, ಒಂದೊಂದೇ ಅಂಗುಲ ಶುಚಿ ಮಾಡಿದೆ. ಒಂದೂವರೆ ಗಂಟೆ ಹಿಡಿಯಿತು. ಬಟ್ಟೆಯ ಒಂದು ಎಳೆಯೂ ಹಾಳಾಗಲಿಲ್ಲ. ನನಗೆ ಕಲಿಸಿದ ವಿಧಾನವನ್ನು ತಪ್ಪಿಲ್ಲದೆ ಮಾಡಿದ್ದೆ.

ವಾರದ ನಂತರ ನಮ್ಮಲ್ಲಿ ಸಂಬಳವಿಲ್ಲದೆ ಸಹಾಯ ಮಾಡುವ ಒಬ್ಬ ಹಿರಿಯರು ಬಂದರು. ಹದಿನಾಲ್ಕನೇ ವಯಸ್ಸಿಗೇ ಗಣಿಗೆ ಇಳಿದವರು. ಚೀಲ ನೋಡಿದರು, ತಿರುಗಿಸಿದರು, ಒಳಗೆ ಕೈ ಹಾಕಿ ಮೂಲೆ ಮುಟ್ಟಿದರು.

"ಇದರೊಳಗೆ ಧೂಳು ಇತ್ತಾ, ಮಗಳೇ?"

"ಇತ್ತು. ತೆಗೆದೆ."

"ಬಣ್ಣ ಯಾವುದು? ಕಪ್ಪಾ, ಬೂದಾ?"

ನನಗೆ ಗೊತ್ತಿರಲಿಲ್ಲ. ಒಂದೂವರೆ ಗಂಟೆ ಕಣ್ಣಿಟ್ಟು ನೋಡಿದ ಧೂಳು. ಅದರ ಬಣ್ಣ ನನಗೆ ನೆನಪಿಲ್ಲ. ಹೊರಗಿನ ಫೋಟೋ ತೆಗೆದಿದ್ದೆ, ಒಳಗಿನದು ತೆಗೆದಿರಲಿಲ್ಲ.

ಅವರು ಬೈಯಲಿಲ್ಲ. ಕೂತು ವಿವರಿಸಿದರು. ಕಲ್ಲಿದ್ದಲು ಕಡಿಯುವವನ ಬಟ್ಟೆಯಲ್ಲಿ ಕಪ್ಪು ಧೂಳು ಕೂರುತ್ತದೆ. ಕಲ್ಲಿದ್ದಲಿನ ಪದರ ತಲುಪಲು ಮೊದಲು ಬಂಡೆ ಕೊರೆದು ಸುರಂಗ ಮಾಡಬೇಕಲ್ವಾ, ಆ ಕೆಲಸದವನ ಬಟ್ಟೆಯಲ್ಲಿ ಬೂದು ಧೂಳು. ಬಂಡೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಕೂತಲ್ಲಿ ಗಾಯ ಮಾಡಿ, ಗಾಯ ಗಟ್ಟಿಯಾಗಿ, ಉಸಿರಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ. ಅದೇ ಸಿಲಿಕೋಸಿಸ್. ಫ್ರಾನ್ಸ್ ಸರ್ಕಾರ ಅದನ್ನು ಕೆಲಸದಿಂದ ಬರುವ ಕಾಯಿಲೆ ಎಂದು ಒಪ್ಪಿದ್ದು 1945ರಲ್ಲಿ. ಆಮೇಲೂ ಯಾರಿಗೆ ಶೇಕಡಾ ಎಷ್ಟು ಕಾಯಿಲೆ ಎಂದು ಡಾಕ್ಟರುಗಳು ಲೆಕ್ಕ ಹಾಕುತ್ತಿದ್ದರು, ಪರಿಹಾರದ ಹಣ ಆ ಲೆಕ್ಕದ ಮೇಲೆ. ಇಲ್ಲಿನ ಮನೆಗಳಲ್ಲಿ ಅಪ್ಪನ ಶೇಕಡಾ ಎಷ್ಟು ಎಂಬುದು ಮಕ್ಕಳಿಗೂ ಗೊತ್ತಿರುತ್ತಿತ್ತು.

ಅಜ್ಜಿಯ ಅಪ್ಪ ಯಾವ ಕೆಲಸ ಮಾಡುತ್ತಿದ್ದರು ಎಂದು ಹೇಳುವ ಕಾಗದ ಒಂದೂ ನಮ್ಮ ಬಳಿ ಇರಲಿಲ್ಲ. ಆ ಧೂಳು ಹೇಳುತ್ತಿತ್ತೋ ಏನೋ.

ವ್ಯಾಕ್ಯೂಮ್ ಕ್ಲೀನರ್‌ನ ಚೀಲ ತೆಗೆದು ಬಿಚ್ಚಿ ನೋಡಿದೆ. ಅಷ್ಟರಲ್ಲಿ ಅದೇ ಯಂತ್ರದಲ್ಲಿ ಎರಡು ಬ್ಯಾಂಡ್ ಸೆಟ್ ಬಟ್ಟೆ, ಒಂದು ಬಾವುಟ, ಒಂದು ಪೆಟ್ಟಿಗೆ ಶುಚಿಯಾಗಿತ್ತು. ಎಲ್ಲ ಬೆರೆತು ಒಂದೇ ಮುದ್ದೆ.

ಆ ತಿಂಗಳು ರಜೆ ಹಾಕಿ ದುವೆ ಹತ್ತಿರದ ಲೆವಾರ್ದ್‌ಗೆ ಹೋದೆ. ಈ ಸೀಮೆಯ ಗಣಿ ಬದುಕನ್ನು ಕಾಪಾಡಿಟ್ಟ ದೊಡ್ಡ ಮ್ಯೂಸಿಯಂ ಅದು. ಡೆಲ್ವಾ ಎಂಬ ಗಣಿಯ ಜಾಗದಲ್ಲೇ ಇದೆ. ಆ ಗಣಿ 1931ರಿಂದ 1971ರವರೆಗೆ ನಡೆಯಿತು, ದಿನಕ್ಕೆ ಸುಮಾರು 1000 ಜನ, ಸುಮಾರು 1000 ಟನ್. 1984ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಸುರಂಗ ನೋಡಲು ಎಲ್ಲರೂ ಹೋಗುತ್ತಾರೆ, ಆದರೆ ಆ ಸುರಂಗಗಳು ನೆಲದ ಮೇಲೆ ಮರುಕಟ್ಟಿದವು. ನಾನು ಹೋಗಿದ್ದು ಬಟ್ಟೆಯ ಹಾಲ್ ನೋಡಲು. ಅದನ್ನು ನೇತುಬಿದ್ದವರ ಕೋಣೆ ಎಂದು ಕರೆಯುತ್ತಾರೆ. ಎತ್ತರದ ಚಾವಣಿ. ಪ್ರತಿಯೊಬ್ಬನಿಗೂ ಒಂದು ಕೊಕ್ಕೆ, ಒಂದು ಸರಪಳಿ, ಒಂದು ನಂಬರ್. ಬಟ್ಟೆಯನ್ನು ಕೊಕ್ಕೆಗೆ ಹಾಕಿ ಸರಪಳಿ ಎಳೆದರೆ ಮೇಲಕ್ಕೆ ಹೋಗುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಬೆವರಿನ ಬಟ್ಟೆ ಅಲ್ಲಿ ಒಣಗುತ್ತದೆ, ಕೆಳಗೆ ಜಾಗವೂ ಉಳಿಯುತ್ತದೆ. ತಲೆಯೆತ್ತಿ ನೋಡಿದರೆ ಬೂಟು, ಪ್ಯಾಂಟು, ಕೋಟು ನೇತಾಡುತ್ತಿವೆ. ಮನುಷ್ಯರು ಮಾತ್ರ ಇಲ್ಲ. ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಪಕ್ಕದಲ್ಲೇ ದೀಪದ ಕೋಣೆ. ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆ ಕೊಟ್ಟು ದೀಪ ಪಡೆಯಬೇಕು. ದೀಪ ವಾಪಸು ಬರದಿದ್ದರೆ ಆ ನಂಬರಿನವನು ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಅಲ್ಲಿ ನಿಂತಾಗ ಈ ಸೀಮೆಯದ್ದೇ ಆದ ಕೂರಿಯೇರ್ ಗಣಿಯ ದುರಂತ ನೆನಪಾಗದೆ ಇರದು. 1906ರ ಮಾರ್ಚ್ 10ರಂದು ಬೆಂಕಿ ಕಲ್ಲಿದ್ದಲಿನ ಧೂಳಿಗೆ ಹತ್ತಿ ಸುರಂಗದಿಂದ ಸುರಂಗಕ್ಕೆ ಓಡಿತು. 1,099 ಜನ ಸತ್ತರು. ಇಪ್ಪತ್ತು ದಿನಗಳ ನಂತರ ಹದಿಮೂರು ಜನ ಜೀವಂತವಾಗಿ ಹೊರಬಂದರು. ಗಾಳಿಯಲ್ಲಿ ತೇಲುವ ಅದೇ ಧೂಳು. ನಾನು ಕಸ ಎಂದು ತೆಗೆದದ್ದು ಅದನ್ನೇ ಇರಬಹುದು.

ಕೆಲಸಕ್ಕೆ ಮರಳಿದ ಮೇಲೆ ನನ್ನ ಕ್ರಮ ಬದಲಾಯಿತು. ಸಾಮಾನು ತಂದವರನ್ನು ಈಗ ಕೂರಿಸುತ್ತೇನೆ, ಕಾಫಿ ಕೊಡುತ್ತೇನೆ. ಇದನ್ನು ಕೊನೆಯ ಸಲ ಬಳಸಿದ್ದು ಯಾರು, ಆಮೇಲೆ ಯಾರಾದರೂ ತೊಳೆದರಾ, ಮನೆಯಲ್ಲಿ ಇದನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳುತ್ತೇನೆ. ಒಳಗೆ ಹೊರಗೆ ಫೋಟೋ ತೆಗೆಯುತ್ತೇನೆ. ಧೂಳು ತೆಗೆಯಲೇಬೇಕಾದರೆ ಮೊದಲು ಒಂದು ಚಿಟಿಕೆ ಗಾಜಿನ ಸೀಸೆಗೆ ಹಾಕಿ ಅದೇ ನಂಬರ್ ಬರೆಯುತ್ತೇನೆ. ಗಣಿಯಲ್ಲಿ ದುಡಿದವರು ಬಂದು ಮುಟ್ಟಿ ನೋಡುವ ತನಕ ಬ್ರಷ್ ಮುಟ್ಟುವುದಿಲ್ಲ. ಅಂಥವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ನನಗೆ ಅವಸರ.

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ತಾತನ ಗಣಿ ದೀಪವೋ ಬುತ್ತಿ ಡಬ್ಬಿಯೋ ಇದ್ದರೆ ದಯವಿಟ್ಟು ತಿಕ್ಕಬೇಡಿ. ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ.

ಅಜ್ಜಿಗೆ ಹೇಳುವುದು ಬಾಕಿ ಇತ್ತು. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ಮನೆಗೆ ಹೋದೆ. ಇಟ್ಟಿಗೆಯ ಸಾಲುಮನೆ, ಹಿಂದೆ ಕೋಸಿನ ಪಾತಿ. ಏನಾಯಿತು ಎಂದು ಮುಚ್ಚಿಡದೆ ಹೇಳಿದೆ. ಅವರು ಮೇಜಿನ ಮೇಲಿನ ಬಟ್ಟೆಯನ್ನು ಅಂಗೈಯಿಂದ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಮ್ಮ ಪ್ರತಿ ಶನಿವಾರ ಆ ಚೀಲ ಒಗೆಯುತ್ತಿದ್ದಳು," ಅಂದರು. "ಅಪ್ಪ ಕೆಲಸ ಬಿಟ್ಟ ವಾರ ಮಾತ್ರ ಒಗೆಯಲಿಲ್ಲ. ಮಡಚಿ ಬೀರುವಿನಲ್ಲಿಟ್ಟಳು. ಯಾಕೆ ಅಂತ ನಾನೂ ಕೇಳಲಿಲ್ಲ."

ನಮ್ಮ ದಾಖಲೆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಹತ್ತು ವರ್ಷಕ್ಕೊಮ್ಮೆ ಯಾರಾದರೂ ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು ಅಲ್ಲಿ ಬರೆದದ್ದಕ್ಕೆ ತಾಳೆ ನೋಡಬೇಕು, ಅದು ಇಲ್ಲಿನ ಕಾನೂನು. ಆ ಚೀಲದ ವಿವರದ ಕೆಳಗೆ, ಒಳಗಿದ್ದ ಧೂಳನ್ನು ನಾನು ತೆಗೆದೆ, ಬಣ್ಣ ಗುರುತು ಮಾಡಲಿಲ್ಲ, ಉಳಿಸಿಕೊಳ್ಳಲಿಲ್ಲ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಅಜ್ಜಿ ಬಂದು ಓದಿದರು. ಅಮ್ಮ ಅದನ್ನು ಒಗೆದಿರಲಿಲ್ಲ ಎಂಬುದನ್ನೂ ಸೇರಿಸಿ ಅಂದರು. ಸೇರಿಸಿದೆ.