ಒಂದನೇ ಕ್ಲಾಸಿನ ಮೊದಲ ದಿನಕ್ಕೆ ಒಂದು ಬಟ್ಟಲು ಅರಿಶಿನ

ನನ್ನ ನಾದಿನಿ ಮೈಸೂರು ರಸ್ತೆ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ಟೀಚರ್. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವಳಿಂದ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು. ಹಿಂದೆಯೇ ಫೋನು.

"ಅತ್ತಿಗೆ, ಒಂದನೇ ಕ್ಲಾಸಿಗೆ ಹೊಸ ಮಕ್ಕಳು ಬರ್ತಾರೆ. ಮೊದಲ ದಿನ ಬಣ್ಣ ಹಚ್ಚಿಸೋಣ ಅಂತಿದೀನಿ. ಇದನ್ನ ಪ್ರಿಂಟ್ ಹಾಕಿಸಿ ಕೊಡ್ತೀರಾ?"

ನಾನು ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಬಹಳ ವರ್ಷ ಡಿಟಿಪಿ ಕೆಲಸ ಮಾಡಿದವಳು. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೆ ಏನು ಪ್ರಿಂಟ್ ಬೇಕಾದರೂ ನನ್ನನ್ನೇ ಕೇಳುತ್ತಾರೆ.

ಪಿಡಿಎಫ್ ತೆಗೆದು ನೋಡಿದೆ. ಮೊದಲ ಹಾಳೆಯಲ್ಲಿ ಮೂತಿ ಉದ್ದದ ಸ್ಕೂಲ್ ಬಸ್ಸು. ಇನ್ನೊಂದರಲ್ಲಿ ಟೀಚರ್ ಮೇಜಿನ ಮೇಲೆ ಸೇಬು. ಮತ್ತೊಂದರಲ್ಲಿ ಸ್ವೆಟರ್ ಹಾಕಿಕೊಂಡ ಮಕ್ಕಳು, ಸುತ್ತ ಉದುರಿದ ಮೇಪಲ್ ಎಲೆ. ಅಮೆರಿಕದ್ದು. ಅಲ್ಲಿ ಶಾಲೆ ಶುರುವಾಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಸೇಬು ಕೀಳುವ ಕಾಲ, ಎಲೆ ಕೆಂಪಾಗುವ ಕಾಲ. ಅಲ್ಲಿನ ಮಕ್ಕಳಿಗೆ ಅದು ಸರಿಯೇ. ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರು. ಅವರ ಹಾಳೆಗಳ ತುಂಬ ಚೆರ್ರಿ ಹೂವು. ನಮ್ಮಲ್ಲಿ ಶಾಲೆಯ ಬಾಗಿಲು ತೆರೆಯುವುದು ಮೇ ಕೊನೆಗೆ. ಮಾವು ಇನ್ನೂ ಇರುತ್ತದೆ, ತಳ್ಳುಗಾಡಿಗೆ ನೇರಳೆ ಹಣ್ಣು ಬರುವ ಹೊತ್ತು, ಸಂಜೆಯಾದರೆ ಮಳೆ.

ಮೈಸೂರು ರಸ್ತೆಯ ಮಗುವಿಗೆ ಮೇಪಲ್ ಎಲೆ ಕೊಟ್ಟು ಬಣ್ಣ ಹಚ್ಚು ಎಂದರೆ ಹಚ್ಚುತ್ತದೆ, ಪಾಪ. ಆದರೆ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಮೊದಲ ದಿನ ಬೇಕಾಗಿರುವುದು ಮಾತು. ಬಣ್ಣ ಅದಕ್ಕೊಂದು ನೆಪ, ಅಷ್ಟೇ.

"ಇದು ಬೇಡ ಕಣೇ. ನಾನೇ ಬರೆದು ಕೊಡ್ತೀನಿ" ಎಂದೆ.

ಆಟೋ ಬರೆದೆ. ಬಿಎಂಟಿಸಿ ಬಸ್ಸು, ಕಂಬದ ಮೇಲೆ ಓಡುವ ಮೆಟ್ರೋ, ಕೊಡೆ ಹಿಡಿದ ಅಜ್ಜಿ, ನೇರಳೆ ಹಣ್ಣಿನ ಗಾಡಿ. ಗೆರೆ ಚೆನ್ನಾಗಿ ದಪ್ಪ ಇಟ್ಟೆ. ಆರು ವರ್ಷದ ಮಗು ಬಣ್ಣ ಹಚ್ಚುವಾಗ ಬೆರಳಷ್ಟೇ ಅಲ್ಲ, ಇಡೀ ತೋಳು ಆಡುತ್ತದೆ. ಚಿಕ್ಕ ಚಿಕ್ಕ ಖಾನೆಗಳಿದ್ದರೆ ಬಣ್ಣ ಆಚೆ ಹೋಗುತ್ತದೆ. ಆಮೇಲೆ ಯಾರಾದರೂ ದೊಡ್ಡವರು "ಗೆರೆ ದಾಟಬೇಡ" ಎನ್ನುತ್ತಾರೆ. ಮಗುವಿನ ಉತ್ಸಾಹ ಅಲ್ಲಿಗೆ ಮುಗಿಯಿತು. ಬಸ್ಸಿಗೆ ಸಾಲು ಕಿಟಕಿ ಬರೆಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡು ನಾಲ್ಕೇ ದೊಡ್ಡ ಕಿಟಕಿ ಇಟ್ಟೆ.

ಕಾಗದಕ್ಕೆ ಸುಲ್ತಾನ್ ಪೇಟೆಗೆ ಹೋದೆ. ಮದುವೆ ಕಾರ್ಡು, ಡೈರಿ, ಕ್ಯಾಲೆಂಡರ್, ಕಾಗದ ಎಲ್ಲ ಅಲ್ಲಿ ಸಾಲು ಸಾಲು ಅಂಗಡಿ. ಆದರೆ ಅಂಗಡಿಗಿಂತ ನನಗೆ ಬೇಕಾಗಿದ್ದು ಕಟಿಂಗ್ ಮಷಿನ್ ಪಕ್ಕದ ಮೂಲೆ. ಕಾರ್ಡು ಅಳತೆಗೆ ಕತ್ತರಿಸಿದ ಮೇಲೆ ಉಳಿಯುವ ಪಟ್ಟಿಗಳು ಅಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತವೆ. ಹಳೆಯ ಪರಿಚಯದವರೊಬ್ಬರು ಒಂದು ಚೀಲ ತುಂಬ ಸುಮ್ನೆ ಕೊಟ್ಟರು. ಕೈಯಲ್ಲಿ ಮುಟ್ಟಿ ನೋಡಿ ಆರಿಸಿದೆ. ನುಣುಪು ಆರ್ಟ್ ಪೇಪರ್ ನೋಡಲು ಚಂದ, ಮಕ್ಕಳಿಗೆ ಆಗಿಬರುವುದಿಲ್ಲ. ಅದರ ಮೇಲೆ ಜೇಡಿಯಂಥ ಬಿಳಿ ಲೇಪ ಇರುತ್ತದೆ, ಕ್ರೇಯಾನ್ ಜಾರುತ್ತದೆ, ಸ್ಕೆಚ್ ಪೆನ್ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಒರಟು ಕಾಗದಕ್ಕೆ ಮೇಣ ಚೆನ್ನಾಗಿ ಹಿಡಿಯುತ್ತದೆ. ಜೆರಾಕ್ಸ್ ಹಾಳೆ 70 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 70 ಗ್ರಾಂ. ನೀರು ತಾಗಿದರೆ ಸುಕ್ಕು. ಮದುವೆ ಕಾರ್ಡಿನ ರಟ್ಟು ಅದರ ಮೂರು ಪಟ್ಟು ದಪ್ಪ. ನನ್ನ ತಲೆಯಲ್ಲಿ ನೀರಿನ ಕೆಲಸವೊಂದಿತ್ತು, ಅದಕ್ಕೆ ಈ ರಟ್ಟೇ ಬೇಕಿತ್ತು.

ಯಾವ ಮನೆಯ ಕ್ರೇಯಾನ್ ಡಬ್ಬಿಯನ್ನಾದರೂ ತೆಗೆದು ನೋಡಿ. ಕೆಂಪು, ನೀಲಿ ಕಡ್ಡಿಗಳು ಸವೆದು ಮೊಂಡಾಗಿರುತ್ತವೆ, ಬಿಳಿ ಕಡ್ಡಿ ಮಾತ್ರ ಹೊಸದಾಗೇ ಇರುತ್ತದೆ. ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣ ಯಾರಿಗೆ ಬೇಕು? ನಮ್ಮ ಬಿಲ್ಡಿಂಗ್‌ನ ಮನೆಮನೆಗೂ ಹೋಗಿ ಬಿಳಿ ಕಡ್ಡಿಗಳನ್ನು ಕೇಳಿ ತಂದೆ. ಕೊಟ್ಟವರಿಗೆಲ್ಲ ಆಶ್ಚರ್ಯ. ಹಿಂದಿನ ರಾತ್ರಿ ನಾದಿನಿ ಕಳಿಸಿದ ಹಾಜರಿ ಪಟ್ಟಿ ಮುಂದಿಟ್ಟುಕೊಂಡು, ಒಂದೊಂದು ರಟ್ಟಿನ ಮೇಲೆ ಒಂದೊಂದು ಮಗುವಿನ ಹೆಸರನ್ನು ಬಿಳಿ ಕ್ರೇಯಾನ್‌ನಲ್ಲಿ ಒತ್ತಿ ಒತ್ತಿ ಬರೆದೆ. ದೀಪಕ್ಕೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಒತ್ತಕ್ಷರ ಇರುವ ಹೆಸರುಗಳು ಪ್ರಾಣ ತಿಂದವು. ಯಾವ ರಟ್ಟು ಯಾರದು ಎಂದು ಮರೆಯದಿರಲು ಹಿಂದೆ ಪೆನ್ಸಿಲ್‌ನಲ್ಲಿ ಕ್ರಮಸಂಖ್ಯೆ ಹಾಕಿದೆ. ಕೆಲವು ರಟ್ಟುಗಳ ಹಿಂದೆ ಮೊದಲೇ ಅಚ್ಚಾಗಿತ್ತು. ಒಬ್ಬ ಹುಡುಗನ ಹೆಸರಿನ ಬೆನ್ನಿಗೆ "ತಮ್ಮ ಆಗಮನಾಭಿಲಾಷಿಗಳು" ಎಂದಿತ್ತು. ಶಾಲೆಯ ಮೊದಲ ದಿನಕ್ಕೆ ಅದಕ್ಕಿಂತ ಒಳ್ಳೆಯ ಮಾತು ಎಲ್ಲಿ ಸಿಗಬೇಕು?

ಬೆಳಿಗ್ಗೆ ಶಾಲೆಯಲ್ಲಿ ಪ್ರಾರಂಭೋತ್ಸವ. ಗೇಟಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಮಕ್ಕಳ ಕೈಗೊಂದು ಹೂವು, ಬಿಸಿಯೂಟಕ್ಕೆ ಪಾಯಸ. ಭಾಷಣಗಳೂ ಇದ್ದವು, ಅದು ಬಿಡಿ.

ನಲಿಕಲಿ ಕೋಣೆ ನನಗೆ ಇಷ್ಟ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಬೆಂಚಿಲ್ಲ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಕರಿಹಲಗೆ. ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರ. ಮಕ್ಕಳು ಮಾಡಿದ್ದನ್ನೆಲ್ಲ ಅದಕ್ಕೆ ತೂಗುಹಾಕುತ್ತಾರೆ. ಆವತ್ತು ಚಪ್ಪರ ಖಾಲಿ ಇತ್ತು. ನಾದಿನಿ ಬೇಕೆಂದೇ ಖಾಲಿ ಬಿಟ್ಟಿದ್ದಳು. ಎಷ್ಟೋ ಕಡೆ ಟೀಚರ್‌ಗಳೇ ರಾತ್ರಿಯೆಲ್ಲ ಕೂತು ಥರ್ಮೋಕೋಲ್ ಕತ್ತರಿಸಿ ಕೋಣೆ ಸಿಂಗರಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಮಗುವಿಗೆ ಅದು ಬೇರೆ ಯಾರದೋ ಮನೆ.

ಅಳು ಶುರುವಾಗಿತ್ತು. ಒಬ್ಬಳು ಜೋರಾಗಿ, ಇಬ್ಬರು ಮೂವರು ಅವಳನ್ನು ನೋಡಿ. ಒಬ್ಬ ಹುಡುಗ ಅಳುತ್ತಿರಲಿಲ್ಲ, ಬಾಗಿಲನ್ನೇ ನೋಡುತ್ತಾ ಚೀಲ ಬೆನ್ನಿಂದ ಇಳಿಸಲು ಒಪ್ಪದೆ ಕೂತಿದ್ದ. ಕೆಲವರ ಮನೆಮಾತು ಉರ್ದು, ಕೆಲವರದು ತಮಿಳು, ತೆಲುಗು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದರು. ಅವರ ಕನ್ನಡ ಇವರಿಗೆ ಹೊಸದು, ಇವರದು ಅವರಿಗೆ.

ನೆಲಕ್ಕೆ ಹಳೆಯ ಪೇಪರ್ ಹಾಸಿದೆವು. ಅಡುಗೆಯವರ ಹತ್ತಿರ ಬಟ್ಟಲು ಕೇಳಿ ಅರಿಶಿನ ಕದಡಿದೆ. ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಆಗಾಗ ಕಲಕುತ್ತಲೇ ಇರಬೇಕು. ಬ್ರಷ್ ಬದಲು ಹತ್ತಿಯ ಉಂಡೆ. ಪ್ರತಿ ಮಗುವಿನ ಮುಂದೆ ಅದರದರ ರಟ್ಟು ಇಟ್ಟೆವು.

"ಇದರಲ್ಲಿ ಏನೂ ಇಲ್ಲ ಮಿಸ್" ಎಂದಿತು ಒಂದು ಮಗು.

"ಒರೆಸು, ನೋಡೋಣ."

ಒರೆಸಿತು. ರಟ್ಟು ಹಳದಿಯಾಯಿತು. ಮೇಣ ಇದ್ದ ಕಡೆ ನೀರು ನಿಲ್ಲಲಿಲ್ಲ, ಅಕ್ಷರಗಳು ಬೆಳ್ಳಗೆ ಎದ್ದವು. ಮಗು ಹತ್ತಿ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಿತು. ಓದಲು ಬರುವುದಿಲ್ಲ, ಆದರೆ ಏನೋ ಬಂತು ಎಂದು ಗೊತ್ತಾಯಿತು. "ಇದು ನಿನ್ನ ಹೆಸರು" ಎಂದು ನಾದಿನಿ ಬೆರಳಿಟ್ಟು ಓದಿದಳು. ಅಷ್ಟು ಸಾಕಾಯಿತು. ಪಕ್ಕದವನು ಬಗ್ಗಿ ನೋಡಿದ, ಎದುರಿನವಳು ಎದ್ದು ಬಂದಳು. "ನಂದು ನಂದು" ಎಂದು ಎಲ್ಲರೂ ಒರೆಸಲು ಶುರು. ಮೂರನೇ ಕ್ಲಾಸಿನವರು ತಾವಾಗಿಯೇ ಬಂದು ಚಿಕ್ಕವರ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು. ನಾವು ಹೇಳಿಕೊಟ್ಟಿರಲಿಲ್ಲ. ಓದಲು ಬರುತ್ತದೆ ಎಂದು ತೋರಿಸಿಕೊಳ್ಳಲು ಅವರಿಗೂ ಒಂದು ಅವಕಾಶ ಬೇಕಿತ್ತು ಅನಿಸುತ್ತದೆ. ಚೀಲ ಇಳಿಸದ ಹುಡುಗ ಚೀಲ ಸಮೇತ ಬಗ್ಗಿ ಒರೆಸಿದ. ಅವನದು ಉದ್ದ ಹೆಸರು. ಪಕ್ಕದವಳ ಹೆಸರಿಗಿಂತ ಉದ್ದ ಎಂದು ಅಳತೆ ಮಾಡಿ ತೋರಿಸಿದ. ಅವನು ಆಡಿದ ಮೊದಲ ಮಾತೇ ಅದು, "ನಂದೇ ಉದ್ದ."

ರಟ್ಟು ಒಣಗುವವರೆಗೆ ಬಣ್ಣದ ಹಾಳೆಗಳು. ಕ್ರೇಯಾನ್‌ಗಳನ್ನು ಮೊದಲೇ ಅರ್ಧರ್ಧ ಮುರಿದು ಇಟ್ಟಿದ್ದೆ. ನೋಡಿದವರು "ಅಯ್ಯೋ" ಎಂದರು. ತುಂಡು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. ಮುಂದೆ ಪೆನ್ಸಿಲ್ ಹಿಡಿಯುವುದೂ ಹಾಗೇ ತಾನೇ?

ಆಟೋ ಹಾಳೆಯ ಸುತ್ತ ದೊಡ್ಡ ಜಗಳ ಎದ್ದಿತು. ಮೇಲೆ ಹಸಿರಾ, ಹಳದಿಯಾ? ಒಬ್ಬ ಹುಡುಗನ ಅಪ್ಪನದೇ ಆಟೋ ಅಂತೆ, ಅವನ ಮಾತಿಗೆ ತೂಕ ಜಾಸ್ತಿ. ಆದರೂ ಇನ್ನೊಬ್ಬಳು ಒಪ್ಪಲಿಲ್ಲ. ಕೊನೆಗೆ ಎಲ್ಲರನ್ನೂ ಗೇಟಿನವರೆಗೆ ಕರೆದುಕೊಂಡು ಹೋಗಿ ನಿಂತಿದ್ದ ಆಟೋ ತೋರಿಸಬೇಕಾಯಿತು. ಮೈ ಹಸಿರು, ಟಾಪು ಹಳದಿ. ಸೋತವಳು "ನಮ್ಮೂರಲ್ಲಿ ಹಂಗಿರಲ್ಲ" ಎಂದಳು. ಯಾವ ಊರು ಎಂದು ಇವನು ಕೇಳಿದ. ಅವಳು ಊರು, ಅಜ್ಜಿ, ಮೇಕೆ ಎಲ್ಲ ಹೇಳಿದಳು. ಮೆಟ್ರೋ ಹಾಳೆಯ ವಿಷಯದಲ್ಲಿ ಜಗಳವೇ ಇಲ್ಲ. ಮೈಸೂರು ರಸ್ತೆಯ ಮೇಲೆ ಹೋಗುವುದು ನೇರಳೆ ಮಾರ್ಗ, ಎಲ್ಲರೂ ನೇರಳೆಯೇ ಬಳಿದರು. ಅದೇ ಕಡ್ಡಿ ಹಣ್ಣಿನ ಗಾಡಿಗೂ ಬೇಕಾಗಿ ನೇರಳೆ ಬಣ್ಣ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು.

ಆಮೇಲೆ ಕಾಗದದ ಸರಪಳಿ. ಕತ್ತರಿ ಕೊಟ್ಟಾಗ ಒಬ್ಬನ ಕೈಯಲ್ಲಿ ಕಾಗದ ಕತ್ತರಿಸುವ ಬದಲು ಮಡಚಿಕೊಳ್ಳುತ್ತಿತ್ತು. ನೋಡಿದರೆ ಎಡಗೈ. ಅಂಗಡಿಯ ಮಾಮೂಲಿ ಕತ್ತರಿ ಬಲಗೈಗೆ ಮಾಡಿದ್ದು. ಎಡಗೈಯಲ್ಲಿ ಹಿಡಿದು ಒತ್ತಿದರೆ ಅಲಗುಗಳು ಒಂದಕ್ಕೊಂದು ಅಂಟುವುದಿಲ್ಲ, ದೂರ ಸರಿಯುತ್ತವೆ. ಕತ್ತರಿಸುವ ಗೆರೆಯೂ ಕಾಣುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟು ಮಕ್ಕಳಿಗೆ "ನಿನಗೆ ಕತ್ತರಿ ಬರಲ್ಲ" ಎಂದು ಹೇಳಿದ್ದೇವೋ! ಅವನಿಗೆ ಹರಿಯಲು ಹೇಳಿದೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ, ಪ್ರೆಸ್ಸಿನವರು ಗ್ರೇನ್ ಎನ್ನುತ್ತೇವೆ. ಆ ದಿಕ್ಕಿನಲ್ಲಿ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡ ಹರಿದರೆ ಸೊಟ್ಟ. ಒಂದು ಹಾಳೆ ಕೊಟ್ಟು ಎರಡೂ ಕಡೆ ಹರಿದು ನೋಡು ಎಂದೆ. ಸ್ವಲ್ಪ ಹೊತ್ತಿಗೆ ಅವನ ಸುತ್ತ ಕತ್ತರಿ ಕೆಳಗಿಟ್ಟವರ ಗುಂಪು. "ಹಿಂಗೆ ಅಲ್ಲ, ಹಿಂಗೆ ತಿರುಗಿಸು" ಎಂದು ಅವನು ಪಾಠ ಮಾಡುತ್ತಿದ್ದ. ಅಂಟಿಗೆ ಮೈದಾ ಕುದಿಸಿ ತಂದಿದ್ದೆ. ಹಿಂದೆ ಪೋಸ್ಟರ್ ಅಂಟಿಸುವವರು ಕೆಡದಿರಲಿ ಎಂದು ಮೈದಾ ಗೋಂದಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಹತ್ತಿರ ಸುಳಿಯಬಾರದು. ಬರೀ ಮೈದಾ, ನೀರು. ಮಾರನೆಯ ದಿನ ಹುಳಿ ವಾಸನೆ ಬರುತ್ತದೆ, ಎಸೆದರಾಯಿತು.

ಜರ್ಮನಿಯಲ್ಲಿ ಒಂದನೇ ಕ್ಲಾಸಿನ ಮಗು ಮೊದಲ ದಿನ ದೊಡ್ಡದೊಂದು ಕಾಗದದ ಶಂಕು ತಬ್ಬಿಕೊಂಡು ಶಾಲೆಗೆ ಹೋಗುತ್ತದೆ. ಒಳಗೆ ಮಿಠಾಯಿ, ಪೆನ್ಸಿಲ್. ಹತ್ತೊಂಬತ್ತನೇ ಶತಮಾನದಿಂದ ಬಂದ ಪದ್ಧತಿ. ಫೋಟೋ ನೋಡಿದರೆ ನಮ್ಮ ಕಡಲೆಕಾಯಿ ಪೊಟ್ಟಣವನ್ನೇ ಹತ್ತು ಪಟ್ಟು ಹಿಗ್ಗಿಸಿದ ಹಾಗಿದೆ. ಹಾಗಾಗಿ ಮಕ್ಕಳು ಬಣ್ಣ ಹಚ್ಚಿದ ಹಾಳೆಗಳಲ್ಲಿ ಕೆಲವನ್ನು ಅವರ ಕೈಯಲ್ಲೇ ಪೊಟ್ಟಣ ಸುತ್ತಿಸಿ, ಒಳಗೆ ಬಿಳಿ ಕಾಗದ ಇಟ್ಟು ಕಡ್ಲೆಪುರಿ ತುಂಬಿಸಿದೆವು. ನ್ಯೂಸ್‌ಪೇಪರ್ ಮಾತ್ರ ಬೇಡ ಎಂದು ನಾನೇ ಹಟ ಹಿಡಿದೆ. ಅದರಲ್ಲಿ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಅಚ್ಚಿನ ಇಂಕಿನಲ್ಲಿ ಏನೇನಿರುತ್ತದೆ ಎಂದು ಪ್ರೆಸ್ಸಿನಲ್ಲಿ ಇದ್ದವರಿಗೆ ಯಾರೂ ಹೇಳಬೇಕಾಗಿಲ್ಲ. ಪುರಿ ಅರ್ಧ ನೆಲಕ್ಕೆ, ಅರ್ಧ ಹೊಟ್ಟೆಗೆ.

ಕೊನೆಗೆ ನಾದಿನಿ ಇನ್ನೊಂದು ಆಟ ಶುರು ಮಾಡಿದಳು. ಒಣಗಿದ ಹಳದಿ ರಟ್ಟಿನ ಮೇಲೆ ಸೋಪಿನ ನೀರು ಅದ್ದಿದ ಬೆರಳಿಂದ ಚುಕ್ಕೆ ಇಡುವುದು. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರು ಅರಿಶಿನ, ಸುಣ್ಣದ್ದೇ ಅಲ್ವಾ? ಚುಕ್ಕೆ ಇಟ್ಟಲ್ಲೆಲ್ಲ ಕೆಂಪು. ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಮಕ್ಕಳು ಕೈಗೆ, ಕೆನ್ನೆಗೆ, ಪಕ್ಕದವರ ಬಟ್ಟೆಗೆ ಚುಕ್ಕೆ ಇಟ್ಟರು. ಹೆಸರಿನ ರಟ್ಟುಗಳು ಚಪ್ಪರಕ್ಕೆ ಏರಿದವು. ಮಧ್ಯಾಹ್ನದ ಹೊತ್ತಿಗೆ ಕೋಣೆ ಸಂತೆಯಾಗಿತ್ತು, ಬೆಳಿಗ್ಗೆ ಅತ್ತವಳೇ ಎಲ್ಲರಿಗಿಂತ ಜೋರು.

ಮಾರನೆಯ ಬೆಳಿಗ್ಗೆ ಉಳಿದ ಕಾಗದ ತರಲು ಹೋದಾಗ ಗೇಟಿನಲ್ಲಿ ಒಬ್ಬ ತಾಯಿ ನಿಂತಿದ್ದರು. ರಾಯಚೂರು ಕಡೆಯವರು. ಕೈಯಲ್ಲಿ ಒದ್ದೆ ಫ್ರಾಕು.

"ಮೇಡಮ್ಮಾರ, ಹೊಸ ಫ್ರಾಕ್ ಐತ್ರಿ ಇದು. ಅರಿಶಿಣದ ಕಲಿ ಅಂತ ಸಾಬೂನು ಹಚ್ಚಿದ್ರ ಕೆಂಪಗಾತ್ರಿ. ಮತ್ತ ಹಚ್ಚಿದ್ರ ಮತ್ತೂ ಕೆಂಪಗಾತ್ರಿ!"

"ಹೆದರಬೇಡಿ ಅಮ್ಮ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ, ತಾನಾಗೇ ಹೋಗುತ್ತೆ" ಎಂದೆ.

ಅವರು ತಲೆ ಎತ್ತಿ ಆಕಾಶ ನೋಡಿದರು. ಹಿಂದಿನ ದಿನದಿಂದ ಮೋಡ ಸರಿದಿರಲಿಲ್ಲ. ಸಣ್ಣಗೆ ಹನಿಯುತ್ತಿತ್ತು.

"ನಮ್ಮೂರಾಗಾದ್ರ ಬೇಕಾದಷ್ಟು ಐತ್ರಿ. ನಿಮ್ಮ ಬೆಂಗಳೂರಾಗ ಬಿಸಿಲ ಎಲ್ಲೈತಿ, ತೋರಸ್ರಿ ನೋಡೂಣು" ಎಂದರು.